ಕಾಲುವೆಯ ಕಡೆಗೆ ಜಾರಿದ ಪಿಕಪ್

ಸಂಡೂರು ಸಂತೆಯಲ್ಲಿ ಬಾಳೆಗೊನೆ ಇಳಿಸಿ ಖಾಲಿ ಗಾಡಿ ತರುವಾಗ, ಘಾಟಿಯ ಇಳಿಜಾರಿನಲ್ಲಿ ಮೊದಲ ಸಲ ಆ ಸದ್ದು ಕೇಳಿತು. ಬ್ರೇಕ್ ತುಳಿದಾಗೆಲ್ಲ ಮುಂದಿನ ಬಲಚಕ್ರದಿಂದ, ಬಂಡೆಯ ಮೇಲೆ ಕುಡುಗೋಲು ಎಳೆದ ಹಾಗೆ ಕರ್ ಎಂದು. ಪೆಡಲ್ ಕಾಲಿನ ಕೆಳಗೆ ನಡುಗುತ್ತಿತ್ತು. ಹಿಂದೆ ಅದಿರು ತುಂಬಿದ ಲಾರಿಯೊಂದು ಹಾರ್ನ್ ಹೊಡೆಯುತ್ತಲೇ ಬರುತ್ತಿತ್ತು. ಪಕ್ಕದ ಸೀಟಿನಲ್ಲಿ ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದರು. ಎರಡನೇ ಗೇರಿಗೆ ಹಾಕಿ, ಬ್ರೇಕನ್ನು ಆದಷ್ಟು ಮುಟ್ಟದೆ ಇಳಿಸಿದೆ.

“ಯಾಕವ್ವ, ಇವತ್ತ ಎತ್ತಿನ ಗಾಡಿ ಹೊಡ್ಯಾಕತ್ತಿಯಲ್ಲ?” ಎಂದರು ಅತ್ತೆ.

“ರಸ್ತೆ ಸರಿ ಇಲ್ಲತ್ತಿ” ಎಂದೆ.

ಬುಕ್ಕಸಾಗರದ ಮನೆಯ ಮುಂದೆ ಗಾಡಿ ನಿಲ್ಲಿಸಿ ಇಳಿದಾಗ ರವಿಕೆಯ ಬೆನ್ನೆಲ್ಲ ಬೆವರಿನಿಂದ ತೊಯ್ದಿತ್ತು. ಪಿಕಪ್ ಓಡಿಸಲು ಕಲಿತ ಮೇಲೆ ನಾನು ಅಷ್ಟು ಹೆದರಿದ್ದು ಅದೇ ಮೊದಲು. ನನ್ನ ಗಂಡ ಕುರೆಕುಪ್ಪದ ಹತ್ತಿರದ ಕಾರ್ಖಾನೆಯಲ್ಲಿ ಫಿಟ್ಟರ್. ಗಾಡಿ ನನ್ನ ಕೈಯಲ್ಲೇ ಇರುತ್ತಿತ್ತು. ಅಂದು ರಜೆಯಿದ್ದು ಮನೆಯಲ್ಲಿದ್ದ ಅವರು ಚಕ್ರದ ಸಂದಿಯಲ್ಲಿ ಮೊಬೈಲಿನ ಬೆಳಕು ಬಿಟ್ಟು ನೋಡಿದರು.

“ಬ್ರೇಕ್ ಪ್ಯಾಡ್ ಪೂರಾ ಸವದಾವು. ಕಬ್ಬಿಣಕ್ಕ ಕಬ್ಬಿಣ ಉಜ್ಜಾಕತ್ತೈತಿ.”

ನಾವು ಯಾವಾಗಲೂ ಗಾಡಿ ತೋರಿಸುವ ಹೊಸಪೇಟೆಯ ಮೇಸ್ತ್ರಿಗೆ ಫೋನ್ ಮಾಡಿದರೆ, ಅವನು ಬೀಗರ ಮನೆಯ ಸಾವಿಗೆ ಹೋಗಿದ್ದ. ಮಾರನೆಯ ಬೆಳಿಗ್ಗೆ ನಮ್ಮ ಓಣಿಯ ಹೆಂಗಸರನ್ನು ಭತ್ತದ ನಾಟಿಗೆ ಎಮ್ಮಿಗನೂರಿಗೆ ಕರೆದೊಯ್ಯಬೇಕಿತ್ತು. ಅಲ್ಲಿ ಆಗಲೇ ಸಸಿ ಕಿತ್ತು ಕಟ್ಟಿಟ್ಟಿದ್ದರು.

“ಬ್ಯಾರೆ ಗಾಡಿ ನೋಡ್ರಿ” ಎಂದೆ.

“ನಾಟಿ ಟೈಮಿನ್ಯಾಗ ಯಾರ ಗಾಡಿ ಖಾಲಿ ಇರ್ತೈತಿ? ಪ್ಯಾಡ್ ಹಾಕೂದು ದೊಡ್ಡ ಕೆಲಸಲ್ಲ. ಮನ್ಯಾಗ ಹಾಕೋಣು.”

“ನೀವು ಎಂದರ ಹಾಕೀರೇನು?”

“ಫ್ಯಾಕ್ಟರ್‍ಯಾಗ ಇದಕ್ಕಿಂತ ದೊಡ್ಡದು ಬಿಚ್ಚಿ ಜೋಡಸ್ತೀನಿ ನಾ.”

ಕಾರ್ಖಾನೆಯ ಯಂತ್ರ ನಿಂತ ಜಾಗದಲ್ಲೇ ಇರುತ್ತದೆ, ಘಾಟಿ ಇಳಿಯುವುದಿಲ್ಲ ಎಂದು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರು ಬೈಕ್ ಹತ್ತಿ ಹೊಸಪೇಟೆಗೆ ಹೊರಟಿದ್ದರು. ಪ್ಯಾಡಿನ ಡಬ್ಬಿ ಹಿಡಿದು ಅವರು ವಾಪಸು ಬಂದಾಗಲೂ ಬಿಸಿಲು ಇನ್ನೂ ಜೋರಾಗಿಯೇ ಇತ್ತು.

ನಮ್ಮ ಅಂಗಳ ಸಮವಾಗಿಲ್ಲ. ಮನೆಯಿಂದ ಕಾಲುವೆಯವರೆಗೂ ಸಣ್ಣಗೆ ಇಳಿಜಾರು. ಗಾಡಿಯ ಮೂತಿ ಕಾಲುವೆಯ ಕಡೆಗಿತ್ತು. ಹಿಂದಿನ ಚಕ್ರಗಳಿಗೆ ದೊಡ್ಡ ಕಲ್ಲು ಕೊಟ್ಟೆವು. ನಟ್ಟುಗಳು ಬಿಗಿದು ಕೂತಿದ್ದವು. ಸ್ಪ್ಯಾನರಿನ ಹಿಡಿಯ ಮೇಲೆ ನಾನು ಹತ್ತಿ ನಿಂತು ಮೈಭಾರ ಬಿಟ್ಟ ಮೇಲೆಯೇ ಅವು ಸಡಿಲಾದದ್ದು. ಜಾಕ್ ಹಾಕಿ ಗಾಡಿ ಎತ್ತಿ, ಚಕ್ರ ಕಳಚಿದೆವು. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವ ಕಬ್ಬಿಣದ ದವಡೆಯೊಂದಿರುತ್ತದೆ. ಪ್ಯಾಡುಗಳು ಇರುವುದು ಅದರೊಳಗೆ. ಅವರು ದವಡೆಯನ್ನು ಮೇಲೆತ್ತಿ, ಹಗ್ಗದಿಂದ ಕಟ್ಟಿ, ಹಳೆಯ ಪ್ಯಾಡನ್ನು ಹೊರಗೆಳೆದು ನನ್ನ ಕೈಗಿಟ್ಟರು.

ಅದರಲ್ಲಿ ಪ್ಯಾಡು ಅನ್ನುವಂಥದ್ದು ಏನೂ ಉಳಿದಿರಲಿಲ್ಲ. ಬರೀ ತಗಡು. ಅದರ ಅಂಚು ಕತ್ತಿಯ ಹಾಗೆ ಹರಿತವಾಗಿತ್ತು. ಅಂದು ಘಾಟಿಯಲ್ಲಿ ನಮ್ಮಿಬ್ಬರನ್ನೂ ತಡೆದು ನಿಲ್ಲಿಸಿದ್ದು ಇದೇ ತಗಡು. ಹಿಂದಿದ್ದ ಲಾರಿ, ಬಲಗಡೆಯ ಕಣಿವೆ, ಅತ್ತೆಯ ಸುಣ್ಣದ ಡಬ್ಬಿ ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದವು. ಅದನ್ನು ಬೇಗನೆ ಕೆಳಗಿಟ್ಟೆ.

ಹಾಗೆ ಕೆಳಗಿಡಲು ಬಾಗಿದಾಗಲೇ ನೋಡಿದೆ. ಜಾಕು ವಾಲುತ್ತಿತ್ತು. ಹಿಂದಿನ ದಿನದ ಮಳೆಗೆ ನೆಲ ಮೆತ್ತಗಾಗಿತ್ತು. ಜಾಕಿನ ಬುಡದ ಒಂದು ಬದಿ ಮಣ್ಣಿನೊಳಗೆ ಇಳಿಯುತ್ತಿತ್ತು.

“ಏಳ್ರಿ!” ಎಂದು ಕಿರುಚಿ ಅವರ ಅಂಗಿಯ ಕಾಲರು ಹಿಡಿದು ಎಳೆದೆ. ಅವರು ಅಂಗಾತ ಬಿದ್ದರು. ಗಾಡಿ ಧಡ್ ಎಂದು ಕೂತಿತು. ಆಗಷ್ಟೇ ಅವರ ಮೊಣಕೈ ಇದ್ದ ಜಾಗದಲ್ಲಿ ಡಿಸ್ಕಿನ ಅಂಚು ಮಣ್ಣಿಗೆ ಊರಿತ್ತು.

ಅವರು ತಮ್ಮ ಎಡಗೈಯನ್ನು ಬಲಗೈಯಿಂದ ಸವರಿಕೊಳ್ಳುತ್ತಾ ಕೂತಿದ್ದರು. ಮುಖ ಬಿಳಿಚಿಕೊಂಡಿತ್ತು.

“ಸಾಕ್ರಿ ಇನ್ನ. ಬಿಡ್ರಿ” ಎಂದೆ.

“ಬಿಚ್ಚಿದ ಗಾಡಿನ ಹಿಂಗ ಬಿಟ್ಟು ಎಲ್ಲಿ ಹೋಗೂದು?”

ಅದೂ ನಿಜವಾಗಿತ್ತು. ಹಿತ್ತಲಿನಿಂದ ದಪ್ಪ ಹಲಗೆ ತಂದು ನೆಲಕ್ಕೆ ಹಾಸಿ, ಅದರ ಮೇಲೆ ಜಾಕ್ ಇಟ್ಟು ಮತ್ತೆ ಎತ್ತಿದೆವು. ಕಳಚಿದ ಚಕ್ರವನ್ನು ಗಾಡಿಯ ಕೆಳಗೆ ಅಡ್ಡ ಮಲಗಿಸಿದೆವು, ಬಿದ್ದರೆ ಅದರ ಮೇಲೆ ಬೀಳಲಿ ಎಂದು. ದವಡೆಯೊಳಗೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನ್, ಸವೆದ ಪ್ಯಾಡನ್ನು ಹಿಂಬಾಲಿಸಿ ಹೊರಗೆ ಬಂದು ನಿಂತಿತ್ತು. ಅದನ್ನು ಶಿಕಂಜಿ ಎಂಬ ತಿರುಪಿನ ಇಕ್ಕಳದಲ್ಲಿ ಒತ್ತಿ ಒಳಗೆ ತಳ್ಳಿದ ಮೇಲಷ್ಟೇ ಹೊಸ ದಪ್ಪ ಪ್ಯಾಡುಗಳಿಗೆ ಜಾಗವಾಯಿತು. ಎಡಗಡೆಯೂ ಹಾಗೆಯೇ ಮಾಡಿದೆವು. ಆ ಹೊತ್ತೆಲ್ಲ ನಾನು ಪ್ಯಾಡು ನೋಡಲಿಲ್ಲ, ಜಾಕನ್ನೇ ನೋಡುತ್ತಿದ್ದೆ.

ಚಕ್ರ ಕೂಡಿಸಿ, ನಟ್ಟು ಬಿಗಿದು, ಅವರು ಕೈ ಒರೆಸಿಕೊಂಡರು. “ರಸ್ತೆಗೆ ತಗಿ, ಒಂದು ರೌಂಡ್ ಹೋಗಿ ನೋಡೋಣು” ಎಂದು ಕಲ್ಲುಗಳನ್ನು ಸರಿಸಿದರು.

ನಾನು ಸ್ಟಾರ್ಟ್ ಮಾಡಿ ಹ್ಯಾಂಡ್ ಬ್ರೇಕ್ ಇಳಿಸಿದೆ. ಗಾಡಿ ತನ್ನಷ್ಟಕ್ಕೆ ಮುಂದಕ್ಕೆ ಜಾರಿತು. ಬ್ರೇಕ್ ತುಳಿದೆ. ಕಾಲು ಸೀದಾ ಹೋಗಿ ತಳಕ್ಕೆ ಬಡಿಯಿತು.

ನೀರಿನಲ್ಲಿ ಕಾಲಿಟ್ಟ ಹಾಗಿತ್ತು. ತಡೆಯುವ ಯಾವುದೂ ಅಲ್ಲಿ ಇರಲಿಲ್ಲ. ಮುಂದೆ ಕಾಲುವೆಯ ಮೆಟ್ಟಿಲ ಮೇಲೆ ಅತ್ತೆ ನನಗೆ ಬೆನ್ನು ಮಾಡಿ ಬಟ್ಟೆ ಒಗೆಯುತ್ತಿದ್ದರು. ಆಚೆ ದಡದ ಗದ್ದೆಯಲ್ಲಿ ಟ್ರ್ಯಾಕ್ಟರ್ ಕೆಸರು ಉಳುತ್ತಿತ್ತು. ಆ ಗದ್ದಲದಲ್ಲಿ ಅವರಿಗೆ ಏನೂ ಕೇಳುವಂತಿರಲಿಲ್ಲ. ಗಾಡಿಯ ಪಕ್ಕ ಓಡಿ ಬರುತ್ತಿದ್ದ ನನ್ನ ಗಂಡ “ತುಳಿ, ತುಳಿ, ಬಿಟ್ಟ್ ಬಿಟ್ಟ್ ತುಳಿ” ಎನ್ನುತ್ತಿದ್ದರು. ಹ್ಯಾಂಡ್ ಬ್ರೇಕ್ ಎಳೆದೆ. ಹಿಂದಿನ ಚಕ್ರಗಳು ಹಸಿ ಮಣ್ಣಿನಲ್ಲಿ ಜಾರಿಕೊಂಡು ಬಂದವೇ ಹೊರತು ನಿಲ್ಲಲಿಲ್ಲ. ಪೆಡಲ್ ಬಿಟ್ಟು ಬಿಟ್ಟು ತುಳಿದೆ. ಇನ್ನೊಂದು ಕೈಯನ್ನು ಹಾರ್ನಿನ ಮೇಲೆ ಒತ್ತಿ ಹಿಡಿದಿದ್ದೆ. ಆಮೇಲೊಂದು ತುಳಿತಕ್ಕೆ ಪೆಡಲ್ ಗಟ್ಟಿಯಾಯಿತು, ಕಾಲಿಗೆ ಎದುರು ಒತ್ತಿತು, ಗಾಡಿ ಮುಗ್ಗರಿಸಿ ನಿಂತಿತು.

ಅತ್ತೆ ಒದ್ದೆ ಸೀರೆ ಹಿಡಿದುಕೊಂಡೇ ತಿರುಗಿದರು. ಕೈ ಚಾಚಿದರೆ ಬಂಪರು ಸಿಗುವಷ್ಟು ಹತ್ತಿರವಿದ್ದರು.

“ಏನ್ ಹುಚ್ಚು ಹಿಡದೈತೇನ್ ನಿಮಗ? ಕಿವಿಮ್ಯಾಗ ಹಾರ್ನ್ ಹೊಡಿತೀರಲ್ಲ!”

ನಾನು ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತುಬಿಟ್ಟೆ. ಇವರು ಕೆಸರಿನಲ್ಲೇ ಕುಸಿದು ಕೂತಿದ್ದರು. ಪಿಸ್ಟನ್ ಒಳಗೆ ತಳ್ಳಿದ ಮೇಲೆ, ಗಾಡಿ ಕದಲುವ ಮೊದಲೇ ಪೆಡಲನ್ನು ಹಲವು ಸಲ ತುಳಿದು ಅದನ್ನು ಪ್ಯಾಡಿಗೆ ತಾಗಿಸಬೇಕಂತೆ. “ಗೊತ್ತಿತ್ತು ನನಗ. ಜಾಕ್ ಬಿತ್ತು ನೋಡು, ತಲ್ಯಾಗಿಂದು ಎಲ್ಲಾ ಹೋತು” ಎಂದರು. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಹೊತ್ತು ಮುಳುಗುವವರೆಗೂ ಊರ ರಸ್ತೆಯಲ್ಲಿ ಗಾಡಿಯನ್ನು ಓಡಿಸಿ, ನಿಲ್ಲಿಸಿ, ಓಡಿಸಿ ನೋಡಿದೆವು. ಪ್ರತಿ ಸಲವೂ ನಿಂತಿತು. ಆದರೂ ಬೆಳಿಗ್ಗೆ ಹೆಂಗಸರು ಬುತ್ತಿ ಹಿಡಿದು ಬಂದಾಗ ನನಗೆ ಸುಮ್ಮನಿರಲಾಗಲಿಲ್ಲ.

“ನಿನ್ನೆ ಬ್ರೇಕ್ ನಾವ ಮನ್ಯಾಗ ಬಿಚ್ಚಿ ಹಾಕೀವಿ. ಮೊದ್ಲು ಹಿಡೀಲಿಲ್ಲ, ಈಗ ಹಿಡಿತೈತಿ. ಬ್ಯಾಡಾದವ್ರು ಆಟೋದಾಗ ಬರ್ರಿ” ಎಂದೆ.

ಅವರು ಮುಖ ಮುಖ ನೋಡಿಕೊಂಡರು. ಹೋದ ತಿಂಗಳಷ್ಟೇ ಬಾಣಂತನ ಮುಗಿಸಿದ್ದ ಒಬ್ಬಳು ಬುತ್ತಿಯನ್ನು ಸೊಂಟಕ್ಕೇರಿಸಿಕೊಂಡು ಹಿಂದೆ ಸರಿದಳು. “ಅಕ್ಕಾ, ಬ್ಯಾಸರ ಮಾಡ್ಕೋಬ್ಯಾಡ. ನಾ ಆಟೋಕ್ಕ ಬರ್ತೀನಿ” ಎಂದಳು. ಅವಳ ಮೇಲೆ ನನಗೆ ಬೇಸರವಾಗಲಿಲ್ಲ. ನಾನೂ ಇಳಿದು ಅವಳ ಜೊತೆ ಹೋಗಿಬಿಡಬೇಕು ಎನಿಸಿತು. ಉಳಿದವರಲ್ಲಿ ಹಿರಿಯಳು ಹಿಂದಿನ ಹಲಗೆ ತೆಗೆದು ಹತ್ತುತ್ತಾ, “ಸಾವಕಾಶ ನಡಿ, ಸಸಿ ಎಲ್ಲೀನೂ ಓಡಿ ಹೋಗಂಗಿಲ್ಲ” ಎಂದಳು.

ಕಂಪ್ಲಿ ದಾಟಿ ಎಮ್ಮಿಗನೂರು ಮುಟ್ಟುವವರೆಗೂ ದಾರಿಯುದ್ದಕ್ಕೂ, ಕಾರಣವಿಲ್ಲದೆಯೂ ಬ್ರೇಕ್ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಹಿಂದೆ ಹೆಂಗಸರು ನಗುವುದು ಕೇಳಿದಾಗೆಲ್ಲ ವೇಗ ಇನ್ನಷ್ಟು ಇಳಿಸುತ್ತಿದ್ದೆ. ಗದ್ದೆಯ ಬದುವಿನಲ್ಲಿ ಅವರು ಇಳಿದ ಮೇಲೆ ಸೀಟಿನಿಂದ ಏಳಲು ಹೋದರೆ ಬಲಗಾಲು ಮಾತೇ ಕೇಳಲಿಲ್ಲ. ಅಷ್ಟು ಹೊತ್ತೂ ಅದನ್ನು ಬಿಗಿಹಿಡಿದಿದ್ದೆ.

ಮೇಸ್ತ್ರಿ ಊರಿಗೆ ಮರಳಿದ ಮೇಲೆ ಗಾಡಿ ತೋರಿಸಿದೆವು. ಅವನು ಮೈಯೆಲ್ಲ ಗೀರು ಬಿದ್ದಿದ್ದ ಡಿಸ್ಕುಗಳನ್ನು ಬದಲಿಸಿ, ಪ್ಯಾಡುಗಳು ಸರಿಯಾಗಿಯೇ ಕೂತಿವೆ ಎಂದ. ನನ್ನ ಹೆದರಿಕೆ ಮಾತ್ರ ಅವನ ಮಾತಿಗೆ ಹೋಗಲಿಲ್ಲ. ಮುಂದಿನ ಸಂಡೂರು ಸಂತೆಗೆ ಅತ್ತೆ ಹೊರಟು ನಿಂತಾಗ ಅವರ ಮೊಣಕಾಲು ನೋವಿನ ನೆಪ ಹೇಳಿ ಅವರನ್ನು ಮನೆಯಲ್ಲೇ ಬಿಟ್ಟೆ. ವಾಪಸು ಬರುವಾಗ ಘಾಟಿಯನ್ನು ಒಬ್ಬಳೇ ಇಳಿದೆ. ತಿರುವು ಬಂದಾಗೆಲ್ಲ, ಪೆಡಲ್ ತಳಕ್ಕೆ ಹೋದರೆ ಯಾವ ಗುಡ್ಡಕ್ಕೆ ಗುದ್ದಿಸುವುದು ಎಂದು ಮೊದಲೇ ನೋಡಿಟ್ಟುಕೊಳ್ಳುತ್ತಿದ್ದೆ.

ಕೆಳಗೆ ಸಮರಸ್ತೆ ಸಿಕ್ಕಿದಾಗ ಬದಿಗೆ ನಿಲ್ಲಿಸಿ ಮೊಬೈಲ್ ನೋಡಿದೆ. ಇವರು ಮೇಲಿಂದ ಮೇಲೆ ಫೋನ್ ಮಾಡಿದ್ದರು. ತಿರುಗಿ ಮಾಡಿದೆ. ಒಂದು ರಿಂಗಿಗೇ ಎತ್ತಿದರು. ಹಿಂದೆ ಯಂತ್ರಗಳ ಸದ್ದು.

“ಇಳದ್ಯಾ?”

“ಇಳದೆ.”

“ಹಿಡೀತಾ?”

“ಹಿಡೀತು” ಎಂದೆ. ಅವರು ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ.