ಗಂಗಳನ್ನು ಕರೆತರಲು ಕುರುಗೋಡಿಗೆ

ಶನಿವಾರ ಮುಂಜಾನೆ, ಬಿಸಿಲು ಏರುವ ಮೊದಲೇ, ನಾನು ಮತ್ತು ಸುಮಿತ್ರಾ ಮೇಡಮ್ ಬಳ್ಳಾರಿ ಬಸ್ ನಿಲ್ದಾಣದಲ್ಲಿ ಸಿರುಗುಪ್ಪದ ಬಸ್ಸು ಹತ್ತಿದೆವು. ಮೇಡಮ್ ನಮ್ಮ ಹತ್ತನೇ ತರಗತಿಗೆ ಇತಿಹಾಸ ಕಲಿಸುತ್ತಿದ್ದರು. ನಾನು ಅವರ ವಿದ್ಯಾರ್ಥಿನಿ, ಕೌಲ್ ಬಜಾರಿನ ಮುಮ್ತಾಜ್. ನಮ್ಮಿಬ್ಬರಿಗೂ ಸಿರುಗುಪ್ಪದಲ್ಲಿ ಬೇರೆ ಯಾವ ಕೆಲಸವೂ ಇರಲಿಲ್ಲ. ನನ್ನ ಪಕ್ಕದಲ್ಲಿ ಐದನೇ ತರಗತಿಯಿಂದ ಕೂರುತ್ತಿದ್ದ ಗಂಗಾ ಹಾಲ್ ಟಿಕೆಟ್ ಹಂಚಿದ ದಿನ ಶಾಲೆಗೆ ಬಂದಿರಲಿಲ್ಲ. ಮರುದಿನವೂ ಬರಲಿಲ್ಲ. ಪಬ್ಲಿಕ್ ಪರೀಕ್ಷೆ ಮುಂದಿನ ವಾರವಿತ್ತು. ಅವಳನ್ನು ಹುಡುಕಿ ಕರೆತರಲು ಹೊರಟಿದ್ದೆವು.

ಗಂಗಳ ಮನೆ ನಮ್ಮ ಪಕ್ಕದ ಓಣಿಯಲ್ಲೇ ಇತ್ತು. ಅವಳ ಅಪ್ಪ ಯಲ್ಲಪ್ಪ ರೈಲಿಗೆ ಅದಿರು ತುಂಬುವ ಜಾಗದಲ್ಲಿ ಸಲಿಕೆ ಹಿಡಿದು ಕೆಲಸ ಮಾಡುತ್ತಿದ್ದರು. ಅದಿರಿನ ವ್ಯಾಪಾರ ಏರುತ್ತಾ ಹೋದಂತೆ ಊರಲ್ಲಿ ಹೊಸ ಕಾರುಗಳು, ಹೊಸ ಲಾರಿಗಳು ಬಂದವು. ಜೊತೆಗೆ ಜೆಸಿಬಿಗಳೂ ಬಂದವು. ಸಲಿಕೆಯವರಿಗೆ ಕೆಲಸ ಇಲ್ಲದಾಯಿತು. ಫೆಬ್ರವರಿಯ ಕೊನೆಗೆ, ಓದಲು ರಜೆ ಬಿಟ್ಟಿದ್ದಾಗ, ಅವರ ಮನೆಗೆ ಬೀಗ ಬಿತ್ತು; ಪರೀಕ್ಷೆಗೆ ಮರಳುತ್ತಾರೆಂದುಕೊಂಡಿದ್ದೆ. ಸಿರುಗುಪ್ಪದಲ್ಲಿ ಗಂಗಳ ದೊಡ್ಡವ್ವ ಇದ್ದಾಳೆಂಬುದು ನನಗೆ ಗೊತ್ತಿತ್ತು. ಅಲ್ಲಿ ಗಂಗಳ ಅಕ್ಕನ ಮದುವೆ ನಡೆದಾಗ ಅಮ್ಮಿಯ ಜೊತೆ ಹೋಗಿ ಬಂದಿದ್ದೆ. ಆ ಮನೆಯ ಗುರುತು ಕೇಳಲು ಮೇಡಮ್ ನಮ್ಮಲ್ಲಿಗೆ ಬಂದಾಗ, ಬಾಯಲ್ಲಿ ಹೇಳಲಾರೆ, ಕಂಡರೆ ತೋರಿಸಬಲ್ಲೆ ಎಂದೆ. ಲಾರಿಯ ಬಾಡಿಯನ್ನು ವೆಲ್ಡಿಂಗ್ ಮಾಡುತ್ತಿದ್ದ ನನ್ನ ಅಬ್ಬಾ ಕಣ್ಣಿನ ಕಪ್ಪು ಕನ್ನಡಕ ಮೇಲೆತ್ತಿ, "ಕರ್ಕೊಂಡ್ ಹೋಗ್ರಿ ಮೇಡಮ್ನೋರ. ಆ ಹುಡುಗಿ ನಮ್ಮ ಮನಿ ಹುಡುಗಿ ಇದ್ದಂಗ," ಎಂದರು. ಅಬ್ಬಾ ಅಮ್ಮಿ ಇಲ್ಲದೆ ನಾನು ಊರು ದಾಟಿದ್ದು ಅದೇ ಮೊದಲು.

ಬಳ್ಳಾರಿ ದಾಟುವುದೇ ದೊಡ್ಡ ಕೆಲಸವಾಯಿತು. ಅದಿರು ಲಾರಿಗಳು ರಸ್ತೆಯ ಅಂಚಿನಲ್ಲಿ ಒಂದರ ಹಿಂದೊಂದು ನಿಂತಿದ್ದವು. ಅದಿರಿನ ಧೂಳಿಗೆ ಬೇವಿನ ಮರಗಳ ಎಲೆ ಕೆಂಪಾಗಿತ್ತು, ನಮ್ಮ ಬಸ್ಸಿನ ಕಿಟಕಿಯ ಸರಳು ಹಿಡಿದರೆ ಕೈಯೂ ಕೆಂಪಾಗುತ್ತಿತ್ತು. ಊರು ಹಿಂದಾದ ಮೇಲೆ ಗಾಳಿ ತಿಳಿಯಾಯಿತು. ಮೇಡಮ್ ಮೂಗಿಗೆ ಹಿಡಿದಿದ್ದ ಸೆರಗು ಇಳಿಸಿ, "ಮುಮ್ತಾಜ್, ನಿಜ ಹೇಳು. ನಮ್ಮ ಪಾಠದ ಬಗ್ಗೆ ನೀವು ಹುಡುಗಿಯರು ಏನು ಮಾತಾಡ್ಕೋತೀರಿ?" ಎಂದು ಕೇಳಿದರು.

ಶಾಲೆಯಲ್ಲಾಗಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕಪಕ್ಕ ಕೂತಾಗ ಧೈರ್ಯ ಬಂತು. "ಪಾಠ ಚಲೋ ಇರತೈತ್ರಿ. ಆದ್ರ ಇಸವಿ ಭಾಳ ಬರಸ್ತೀರಿ."

ಮೇಡಮ್ ನಕ್ಕರು. "ಗಂಗಾ ಏನಂತಿದ್ಲು?"

"ಇತಿಹಾಸ ಕೇಳೂ ಹೊತ್ತಿನಾಗ ಕತಿ ಇರತೈತಿ, ಪರೀಕ್ಷಿ ಬಂದ್ರ ಕತಿ ಹೋಗಿ ಇಸವಿ ಉಳೀತಾವು ಅಂತಿದ್ಲ್ರಿ."

ಅವರು ಈ ಸಲ ನಗಲಿಲ್ಲ. "ಸರಿಯಾಗೇ ಹೇಳಿದಾಳೆ," ಎಂದರು. ಹಳಗನ್ನಡ ಪದ್ಯವನ್ನು ನಮ್ಮ ತರಗತಿಯಲ್ಲಿ ತಡವರಿಸದೆ ಓದುತ್ತಿದ್ದವಳು ಗಂಗಾ ಒಬ್ಬಳೇ. ಕನ್ನಡ ಮಾಸ್ತರಿಗೆ ಗಂಟಲು ಕೆಟ್ಟ ದಿನ ಅವಳೇ ನಿಂತು ಓದುತ್ತಿದ್ದಳು. ಗಣಿತದ ಪೀರಿಯಡ್ ಬಂತೆಂದರೆ ಅದೇ ಹುಡುಗಿ ನನ್ನ ಬೆನ್ನ ಹಿಂದೆ ಅಡಗಿದಂತೆ ಕೂರುತ್ತಿದ್ದಳು.

ಸಿರುಗುಪ್ಪಕ್ಕೆ ಐವತ್ತು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ದಾರಿ. ಅರ್ಧ ದಾರಿ ಕಳೆದ ಮೇಲೆ ಕಾಲುವೆ ನೀರಿನ ಸೀಮೆ ಬಂತು. ಎರಡೂ ಕಡೆ ಭತ್ತದ ಗದ್ದೆಗಳ ಹಸಿರು, ನಡುನಡುವೆ ಬೆಳ್ಳಕ್ಕಿಗಳು. ಕೆಂಪು ನೋಡಿ ನೋಡಿ ದಣಿದಿದ್ದ ಕಣ್ಣಿಗೆ ಹಿತವಾಯಿತು. ಸಿರುಗುಪ್ಪದಲ್ಲಿ ಇಳಿದಾಗ ಮೂಗಿಗೆ ಮೊದಲು ಬಂದದ್ದು ಅಕ್ಕಿ ಗಿರಣಿಗಳಲ್ಲಿ ಭತ್ತ ಬೇಯಿಸುವ ವಾಸನೆ. ನಿಲ್ದಾಣದ ಹತ್ತಿರ ಇಡ್ಲಿ ತಿಂದೆವು. ಹಣ ಕೊಡಲು ನನ್ನನ್ನು ಮೇಡಮ್ ಬಿಡಲಿಲ್ಲ.

ಮನೆ ಹುಡುಕಲು ನಾನು ನೆನಪಿಟ್ಟುಕೊಂಡಿದ್ದ ಗುರುತು ಒಂದು ನೀಲಿ ಬಾಗಿಲು. ಆ ಓಣಿಗೆ ಹೋದರೆ ಎಲ್ಲ ಬಾಗಿಲುಗಳೂ ನೀಲಿ! ನನಗೆ ಅಳು ಬರುವಂತಾಯಿತು. ಅಷ್ಟರಲ್ಲಿ ನಲ್ಲಿಯ ಹತ್ತಿರ ಕೊಡ ತೊಳೆಯುತ್ತಿದ್ದ ಮುದುಕಿಯನ್ನು ಮೇಡಮ್ ದೊಡ್ಡವ್ವನ ಹೆಸರು ಹೇಳಿ ಕೇಳಿದರು. "ಲಚ್ಚಮ್ಮ ಮಿಲ್ಲುಕಿ ಪೋಯಿಂದಮ್ಮಾ," ಎಂದು ಆಕೆ ತೆಲುಗಿನಲ್ಲಿ ಹೇಳಿ, ಗಿರಣಿಯ ಕಡೆ ಕೈ ತೋರಿಸಿದಳು. ಗಿರಣಿಯ ಅಂಗಳದಲ್ಲಿ ಭತ್ತ ಹರವುತ್ತಿದ್ದ ಹೆಂಗಸರ ನಡುವೆ ಗಂಗಳ ದೊಡ್ಡವ್ವ ನನ್ನನ್ನೇ ಮೊದಲು ಗುರುತಿಸಿದಳು.

"ನೀ ಕೌಲ್ ಬಜಾರದ ಹುಡುಗಿ ಅಲ್ಲೇನು? ಅವ್ರು ಇಲ್ಲಿಲ್ಲವ್ವ. ಇಲ್ಲಿ ಕೆಲಸ ಸಿಗಲಿಲ್ಲ. ಮೆಣಸಿನಕಾಯಿ ಬಿಡಸಾಕ ಕುರುಗೋಡಿಗಿ ಹೋಗ್ಯಾರ. ಗುಡ್ಡದ ಕೆಳಗ, ಹಳೇ ಗುಡಿ ಹತ್ರ ಕಣ ಐತಂತ."

"ಗಂಗಾನೂ ಹೋಗಿದಾಳಾ?" ಮೇಡಮ್ ಕೇಳಿದರು.

"ಹೂನ್ರಿ. ಸಾಲಿ ಮುಗೀತಲ್ಲ."

ಮೇಡಮ್ ನನ್ನ ಮುಖ ನೋಡಿದರು. ನನಗೂ ಏನೂ ತಿಳಿಯಲಿಲ್ಲ. ದೊಡ್ಡವ್ವ ತಪ್ಪು ತಿಳಿದಿರಬೇಕೆಂದುಕೊಂಡು ಹೊರಟೆವು. ಬಳ್ಳಾರಿಯ ಬಸ್ಸಿನಲ್ಲಿ ಬಂದ ದಾರಿಯಲ್ಲೇ ಹಿಂತಿರುಗಿ, ಕುರುಗೋಡಿನ ಕ್ರಾಸಿನಲ್ಲಿ ಇಳಿದೆವು. ನೆತ್ತಿ ಸುಡುವ ಬಿಸಿಲು. ಒಂದು ಟಂಟಂ ಆಟೊ ಬಂತು. ಒಳಗೆ ಆಗಲೇ ಜಾಗ ಮೀರಿ ಜನ ಕೂತಿದ್ದರು. "ಬರ್ರಿ ಅಕ್ಕಾರ, ಇನ್ನಾ ಭಾಳ ಜಾಗ ಐತಿ," ಎಂದ ಡ್ರೈವರ್. ಮೇಡಮ್ ಒಬ್ಬ ಅಜ್ಜಿಯ ಗಂಟಿನ ಮೇಲೆ, ನಾನು ಮೇಡಮ್ಮರ ತೊಡೆಯ ತುದಿಯಲ್ಲಿ ಕೂತು ಕುರುಗೋಡು ಸೇರಿದೆವು.

ಕುರುಗೋಡಿನ ಗುಡ್ಡ ದೂರದಿಂದಲೇ ಕಾಣುತ್ತದೆ. ಬರೀ ಬಂಡೆಗಳ ಗುಡ್ಡ. ಮೇಲೆ ಹಳೆಯ ಕೋಟೆಯ ಗೋಡೆ, ಬುಡದಲ್ಲಿ ಅಲ್ಲೊಂದು ಇಲ್ಲೊಂದು ಕಲ್ಲಿನ ಗುಡಿ. ಒಂದು ಕಾಲಕ್ಕೆ ಸಿಂದ ಅರಸರು ಇಲ್ಲಿಂದ ಆಳುತ್ತಿದ್ದರೆಂದು ಮೇಡಮ್ ಹೇಳಿದರು. ಇಸವಿ ಹೇಳಲಿಲ್ಲ. ಊರ ಗುಡಿಯಲ್ಲಿನ ದೊಡ್ಡ ಬಸವಣ್ಣನನ್ನು ಬಾಗಿಲಿನಿಂದಲೇ ನೋಡಿದೆವು. ಒಂದೇ ಕಲ್ಲಿನಲ್ಲಿ ಕಡೆದ ಆ ನಂದಿಯ ಮುಖ ನೋಡಲು ನಾನು ಕತ್ತು ಎತ್ತಬೇಕಾಯಿತು. ಬೇರೆ ದಿನವಾಗಿದ್ದರೆ ಅಲ್ಲೇ ಕೂರುತ್ತಿದ್ದೆ. ಅವತ್ತು ನನ್ನ ಮನಸ್ಸು ನಿಲ್ಲಲಿಲ್ಲ.

ಮೆಣಸಿನಕಾಯಿ ಕಣ ಊರಾಚೆ ಇತ್ತು. ಅಷ್ಟು ದೂರಕ್ಕೇ ಘಾಟು ಮೂಗಿಗೆ ಹೊಡೆದು ಇಬ್ಬರೂ ಸೀನತೊಡಗಿದೆವು. ನೆಲದ ತುಂಬ ಕೆಂಪು ಕಾಯಿ ಹರವಿದ್ದರು. ತೊಟ್ಟು ಮುರಿಯುತ್ತಾ ಕೂತಿದ್ದ ಗಂಗಳ ಅವ್ವ ಹನುಮಕ್ಕ ನಮ್ಮನ್ನು ಕಂಡು ಎದ್ದು ಓಡಿ ಬಂದಳು. ಮುಖದ ತುಂಬ ನಗು.

"ಅಯ್ಯ, ಇಷ್ಟ್ ದೂರ ಬಂದೀರಲ್ರಿ ಮೇಡಮ್ನೋರ! ಗಂಗಿ ಪಾಸಾದ್ಲೇನ್ರಿ?"

ಪರೀಕ್ಷೆಯೇ ಶುರುವಾಗಿರಲಿಲ್ಲ. ಅದು ಮುಗಿದುಹೋಗಿದೆ ಎಂದು ಗಂಗಾ ಮನೆಯಲ್ಲಿ ಹೇಳಿದ್ದಳು! ನಾನು ಬಾಯಿ ತೆರೆಯುವಷ್ಟರಲ್ಲಿ ಮೇಡಮ್ ನನ್ನ ಕೈ ಗಟ್ಟಿಯಾಗಿ ಹಿಡಿದರು. "ಗಂಗಾ ಎಲ್ಲಿ ಹನುಮಕ್ಕ? ಮೊದಲು ಅವಳನ್ನ ನೋಡಬೇಕು," ಎಂದರು. "ಉಂಡು ಆ ಹಾಳು ಗುಡಿ ಕಡಿ ಹೋಗ್ಯಾಳ್ರಿ. ದಿನಾ ಮಧ್ಯಾಹ್ನ ಅಲ್ಲೇ ಕುಂತಿರ್ತಾಳ," ಎಂದಳು ಹನುಮಕ್ಕ.

ಗಂಗಾ ಗುಡಿಯ ನೆರಳಿನಲ್ಲಿ, ಒರಗಿ ನಿಂತ ಒಂದು ಶಾಸನದ ಕಲ್ಲಿನ ಮುಂದೆ ಕೂತಿದ್ದಳು. ತಲೆಗೆ ಸುತ್ತಿದ್ದ ಬಟ್ಟೆ, ಕೆಂಪಡರಿದ ಕೈಗಳು. ನನ್ನನ್ನು ನೋಡಿ ದಡಬಡಿಸಿ ಎದ್ದಳು. "ಲೇ ಮುಮ್ತಾಜ್, ನೀ ಯಾಕ ಬಂದಿ?" ಎಂದವಳು ಹಿಂದೆ ಮೇಡಮ್ಮರನ್ನು ಕಂಡು ಕೈಗಳನ್ನು ಬೆನ್ನ ಹಿಂದೆ ಮಾಡಿದಳು.

ಮೇಡಮ್ ಬೈಯಲಿಲ್ಲ. ಕಲ್ಲಿನ ಹತ್ತಿರ ಕೂತು, "ಏನು ಓದ್ತಿದ್ದೆ?" ಎಂದರು.

"ಪೂರಾ ಬರಂಗಿಲ್ರಿ. ಮೊದಲಿಗೆ 'ಸ್ವಸ್ತಿ' ಅಂತ ಐತ್ರಿ. ಆಮ್ಯಾಲ ಅಲ್ಲೊಂದ್ ಇಲ್ಲೊಂದ್ ಅಕ್ಷರ ತಿಳೀತಾವು."

"ಪರೀಕ್ಷೆ ಮುಗೀತು ಅಂತ ಮನೇಲಿ ಯಾಕೆ ಹೇಳಿದೆ ಗಂಗಾ?"

ಅವಳು ತಲೆ ತಗ್ಗಿಸಿದಳು. ಬಿಡಿಬಿಡಿಯಾಗಿ ಹೇಳಿದಳು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವಳು ಗಣಿತದಲ್ಲಿ ಫೇಲಾಗಿದ್ದಳು. ಹೆಡ್ ಮಾಸ್ತರು ಕೋಣೆಗೆ ಕರೆದು, "ನೀನು ಈ ವರ್ಷ ಬರೆದರೆ ಶಾಲೆಯ ಫಲಿತಾಂಶ ಕೆಡುತ್ತದೆ, ಮುಂದಿನ ವರ್ಷ ನೋಡೋಣ, ಇಲ್ಲವಾದರೆ ಅಪ್ಪನನ್ನು ಕರೆದುಕೊಂಡು ಬಾ," ಎಂದಿದ್ದರಂತೆ. ಪಕ್ಕದಲ್ಲೇ ಕೂರುತ್ತಿದ್ದ ನನಗೂ ಅವಳು ಇದನ್ನು ಹೇಳಿರಲಿಲ್ಲ.

ಮೇಡಮ್ಮರ ಮುಖ ಬಿಗಿಯಿತು. ಅವರಿಗೂ ಈ ವಿಷಯ ತಿಳಿದಿರಲಿಲ್ಲ. "ನಿನ್ನನ್ನ ಪರೀಕ್ಷೆಗೆ ಕೂರಬೇಡ ಅನ್ನೋ ಹಕ್ಕು ಯಾರಿಗೂ ಇಲ್ಲ. ನಿನ್ನ ಹಾಲ್ ಟಿಕೆಟ್ ಬಂದಿದೆ, ನನ್ನ ಕಣ್ಣಾರೆ ನೋಡಿದೀನಿ. ಸೋಮವಾರ ನಾನು ನಿನ್ನ ಜೊತೆ ಬರ್ತೀನಿ. ಆದರೆ ಮನೆಯಲ್ಲಿ ನಾನು ಹೇಳೋದಿಲ್ಲ. ನೀನೇ ಹೇಳಬೇಕು."

"ನನಗ ಆಗಂಗಿಲ್ರಿ."

"ಸರಿ, ನಾವು ಇಲ್ಲೇ ಕೂತಿರ್ತೀವಿ. ಆದಾಗ ಹೋಗೋಣ."

ನಾವು ಮೂವರೂ ಕೂತೆವು. ಗುಡಿಯೊಳಗೆ ಪಾರಿವಾಳಗಳು ಗೂಗುಡುತ್ತಿದ್ದವು. ನಾನು ಗಂಗಳ ಭುಜಕ್ಕೆ ಭುಜ ತಾಗಿಸಿ ಕೂತೆ. ಕಡೆಗೆ ಅವಳೇ ಎದ್ದು ತಲೆಯ ಬಟ್ಟೆ ಬಿಚ್ಚಿ, ಕೂದಲು ಸರಿ ಮಾಡಿಕೊಂಡು, ಕಣದ ಕಡೆ ನಡೆದಳು. ನಾವು ಹಿಂದೆ ಹೋದೆವು.

ಯಲ್ಲಪ್ಪ ಚೀಲ ಹೊಲಿಯುತ್ತಿದ್ದರು. ಗಂಗಾ ಅವರ ಎದುರಿಗೆ ನಿಂತು ಒಂದೇ ಉಸಿರಿಗೆ ಹೇಳಿದಳು: "ಅಪ್ಪಾ, ಪರೀಕ್ಷಿ ಮುಗದಿಲ್ಲ. ನಾ ಸುಳ್ಳು ಹೇಳೀನಿ. ಗಣಿತದಾಗ ಫೇಲಾಗಿದ್ದೆ. ಹೆಡ್ ಮಾಸ್ತರು ಬರೀಬ್ಯಾಡ ಅಂದ್ರು."

ದಬ್ಬಣ ಚೀಲದಲ್ಲೇ ನಿಂತಿತು. ಹನುಮಕ್ಕ ಬಾಯಿಗೆ ಸೆರಗು ಹಿಡಿದಳು. ಹೊಡೆದುಬಿಡುತ್ತಾರೇನೋ ಎಂದು ನಾನು ಒಂದು ಹೆಜ್ಜೆ ಮುಂದಿಟ್ಟೆ.

"ನನಗ ಯಾಕ ಹೇಳ್ಲಿಲ್ಲ?" ಯಲ್ಲಪ್ಪ ಮೆಲ್ಲಗೆ ಕೇಳಿದರು.

"ಹೇಳಿದ್ರ ನೀ ಸಾಲಿಗಿ ಬಂದು ಅವರ ಕಾಲ್ ಹಿಡೀತಿದ್ದಿ. ನೀ ಯಾರ ಕಾಲೂ ಹಿಡಿಯೋದು ನನಗ ಬ್ಯಾಡಾಗಿತ್ತು." ಅಷ್ಟು ಹೊತ್ತು ಅಳದೆ ನಿಂತಿದ್ದವಳು ಆಗ ಅತ್ತಳು.

ಯಲ್ಲಪ್ಪ ಮಗಳನ್ನೇ ನೋಡಿದರು. ಆಮೇಲೆ ಅತ್ತ ತಿರುಗಿ, ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು. ಮೆಣಸಿನಕಾಯಿ ಘಾಟಿಗೋ ಏನೋ, ಕಣ್ಣು ಕೆಂಪಾಗಿದ್ದವು. ಮೇಡಮ್ಮರಿಗೆ ಹೇಳಿದರು: "ಕರ್ಕೊಂಡ್ ಹೋಗ್ರಿ ಮೇಡಮ್ನೋರ. ಫೇಲಾದ್ರ ಆಗ್ಲಿ. ಬರದು ಫೇಲಾಗ್ಲಿ." ಬಳಿಕ ಹೆಂಡತಿಯ ಕಡೆ ನೋಡಿ, "ಏನ್ ನೋಡ್ಕೊಂತ ನಿಂತಿ? ಆಕಿ ಅರಬಿ ಕಟ್ಟು," ಎಂದರು.

ಹನುಮಕ್ಕನಿಗೆ ಸಿಟ್ಟೂ ಬಂದಿತ್ತು. ಬಟ್ಟೆ ಗಂಟು ಕಟ್ಟುತ್ತಾ ಮಗಳ ತಲೆಗೆ ಒಂದು ಮೊಟಕಿದಳು, ಮರುಗಳಿಗೆ ಅದೇ ತಲೆಯನ್ನು ಎದೆಗೆ ಒತ್ತಿಕೊಂಡಳು. "ಉಣ್ಣದ ಹೋದ್ರ ನಾ ಬಿಡಂಗಿಲ್ಲ," ಎಂದು ನಮಗೆ ಜೋಳದ ರೊಟ್ಟಿ, ಶೇಂಗಾ ಪುಡಿ, ಮೊಸರು ಕೊಟ್ಟಳು. ಮುಂಜಾನೆ ಅರ್ಧಕ್ಕೇ ಬಿಟ್ಟಿದ್ದ ಇಡ್ಲಿಯ ಹಸಿವೆಲ್ಲ ಸೇರಿ ನಾನು ಅವತ್ತು ಉಂಡ ರೊಟ್ಟಿಗೆ ನನಗೇ ನಾಚಿಕೆಯಾಯಿತು. ಗಂಗಾ ನಮ್ಮ ಮನೆಯಲ್ಲೇ ಇದ್ದು ಪರೀಕ್ಷೆ ಬರೆಯಲಿ ಎಂದು ನಾನೇ ಹೇಳಿದೆ. ಅಮ್ಮಿಯನ್ನು ಕೇಳಿರಲಿಲ್ಲ, ಆದರೆ ಅಮ್ಮಿ ಏನೆನ್ನುತ್ತಾಳೆಂಬುದು ಗೊತ್ತಿತ್ತು.

ಇಳಿಹೊತ್ತಿಗೆ ಬಳ್ಳಾರಿಯ ಬಸ್ಸು ಸಿಕ್ಕಿತು. ಮೂವರಿಗೂ ಒಂದೇ ಸೀಟು, ನಡುವೆ ಗಂಗಾ. ಯಲ್ಲಪ್ಪ ಕಿಟಕಿಯ ಹತ್ತಿರ ಬಂದು ಬಸ್ಸಿನ ತಗಡಿಗೆ ಎರಡು ಬಾರಿ ಬಡಿದರು. ಬಸ್ಸು ಹೊರಟಿತು. ಕೊಳಗಲ್ಲಿನ ಹೊಲಗಳು ಬರುವ ಹೊತ್ತಿಗೆ ಗಾಳಿ ತಣ್ಣಗಾಗಿತ್ತು. ಮೇಡಮ್ ನಿದ್ದೆ ಹೋಗಿದ್ದರು. ಸಮೀಕರಣ ಬಿಡಿಸುವುದನ್ನು ಬಾಯಲ್ಲೇ ಹೇಳಿಕೊಡು ಎಂದು ಗಂಗಾ ನನ್ನನ್ನು ಕೇಳಿದಳು. ನನಗೂ ಅಷ್ಟಾಗಿ ಬರುತ್ತಿರಲಿಲ್ಲ. ಇಬ್ಬರೂ ತಪ್ಪು ಮಾಡಿ, ಮೇಡಮ್ ಎಚ್ಚರಾಗುವಷ್ಟು ಜೋರಾಗಿ ನಕ್ಕೆವು.

ಸೋಮವಾರ ಮೇಡಮ್ ಅವಳ ಜೊತೆ ಹೆಡ್ ಮಾಸ್ತರ ಕೋಣೆಗೆ ಹೋದರು. ಒಳಗೆ ಏನು ಮಾತಾಯಿತೋ ಅವರು ಇಂದಿಗೂ ಹೇಳಿಲ್ಲ. ಗಂಗಾ ಹಾಲ್ ಟಿಕೆಟ್ ಹಿಡಿದು ಹೊರಬಂದಳು. ಗಣಿತದಲ್ಲಿ ಅಂಚಿಗೆ ಪಾಸಾದಳು, ಕನ್ನಡದಲ್ಲಿ ಶಾಲೆಗೇ ಮೊದಲು ಬಂದಳು. ಇದೆಲ್ಲ ಆಮೇಲಿನ ಮಾತು. ಆ ಶನಿವಾರ ಸಂಜೆ ನಮಗೆ ಇದಾವುದೂ ಗೊತ್ತಿರಲಿಲ್ಲ.

ಬಳ್ಳಾರಿ ಗುಡ್ಡದ ಕೋಟೆಯ ಹಿಂದೆ ಸೂರ್ಯ ಇಳಿಯುತ್ತಿದ್ದಾಗ ನಾವು ಬಸ್ಸಿನಿಂದ ಇಳಿದೆವು. ಅಬ್ಬಾ ನಿಲ್ದಾಣದಲ್ಲಿ ಕಾಯುತ್ತಾ ನಿಂತಿದ್ದರು, ಎಷ್ಟು ಬಸ್ಸುಗಳನ್ನು ನೋಡಿದ್ದರೋ. ಮೊದಲು ಇಳಿದ ಮೇಡಮ್ಮರನ್ನು ನೋಡಿದರು, ಆಮೇಲೆ ನನ್ನನ್ನು. ನನ್ನ ಹಿಂದೆ ಗಂಟು ಹಿಡಿದು ಇಳಿದವಳನ್ನು ಕಂಡದ್ದೇ ಅವರ ಹೆಗಲು ಸಡಿಲವಾದದ್ದು ನನಗೆ ಅಷ್ಟು ದೂರದಿಂದಲೂ ಕಾಣಿಸಿತು. ಹತ್ತಿರ ಬಂದು ಗಂಗಳ ಕೈಯಿಂದ ಗಂಟು ತೆಗೆದುಕೊಂಡರು.

"ನಡೀರಿ," ಎಂದರು, "ಮನ್ಯಾಗ ಅನ್ನಕ್ಕ ಇಟ್ಟಾರ."