ರುದ್ರಾಣಿ ಬರೆದ ಸ್ಕ್ರಿಪ್ಟು

ನಂಜನಗೂಡಿನ ಬಸ್ ನಿಲ್ದಾಣದ ಹಿಂದೆ ಜೆರಾಕ್ಸ್ ಅಂಗಡಿ ನಡೆಸುವ ರುದ್ರಾಣಿಗೆ ಬಸ್ ಓಡಿಸುವ ಒಂದು ಕಂಪ್ಯೂಟರ್ ಆಟದ ಹುಚ್ಚು. ಆ ಆಟ ಮಾಡಿದ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿದೆ. ಅದರೊಳಗಿನ ಪರದೇಶದ ಬಸ್ಸನ್ನು ಕಿತ್ತು ನಮ್ಮ ಕೆಂಪು ಬಸ್ಸು ಕೂರಿಸುವುದು, ತಾಂಡವಪುರದ ರಸ್ತೆ, ಕಪಿಲೆಯ ಸೇತುವೆ ಸೇರಿಸುವುದು, ಇದಕ್ಕೆಲ್ಲ ಮಾಡಿಂಗ್ ಎನ್ನುತ್ತಾರೆ. ಈ ಸೀಮೆಯಲ್ಲಿ ಅಂಥ ಹುಚ್ಚಿನವರದೇ ಒಂದು ವಾಟ್ಸಾಪ್ ಗುಂಪಿತ್ತು.

ಅದಕ್ಕೆ ಬೇಕಾದ ತಂತ್ರಾಂಶಗಳೆಲ್ಲ ಆಟದ ಕಾಲದವೇ ಆಗಬೇಕು. ಹೊಸವು ಒಗ್ಗುವುದಿಲ್ಲ. ಹಳೆಯದನ್ನೇ ಹಾಕಿದರೂ ಸರದಿ ತಪ್ಪಿದರೆ ಪರದೆ ಕಪ್ಪಗೆ ಕೂತುಬಿಡುತ್ತದೆ. ಆಗೆಲ್ಲ ಗುಂಪಿನವರು ರುದ್ರಾಣಿಯ ಹತ್ತಿರ ಗೋಳು ಹೇಳಿಕೊಳ್ಳುವರು. ಅವಳು ಎಲ್ಲರದನ್ನೂ ಕೇಳಿದಳು. ಯಾರು ಎಲ್ಲಿ ಮುಗ್ಗರಿಸುತ್ತಾರೆಂದು ತಿಳಿದುಕೊಂಡು ಒಂದು ಸ್ಕ್ರಿಪ್ಟ್ ಬರೆದಳು. ಅದನ್ನು ಒಮ್ಮೆ ಒತ್ತಿದರೆ ಆಯಿತು, ಹಳೆಯ ತಂತ್ರಾಂಶಗಳನ್ನೆಲ್ಲ ತಾನೇ ತಂದು ಸರದಿಯಂತೆ ಕೂರಿಸಿಕೊಡುವುದು. ಅದು ಓಡುವಾಗ ಪರದೆಯ ನೆತ್ತಿಯಲ್ಲಿ ಊರದೇವರ ಹೆಸರು, ‘ಶ್ರೀಕಂಠೇಶ್ವರ ಪ್ರಸನ್ನ’ ಎಂದು ಬರುತ್ತಿತ್ತು. ತನ್ನ ಹೆಸರನ್ನು ಅವಳು ಎಲ್ಲೂ ಹಾಕಿರಲಿಲ್ಲ. ಕೆಲಸ ಸ್ವಾಮಿಯದು, ಕೈ ಮಾತ್ರ ತನ್ನದು ಎಂಬ ಭಾವ.

ತಿ. ನರಸೀಪುರದ ಮಾದೇಶ ‘ಅಕ್ಕಾ ಅಕ್ಕಾ’ ಎಂದು ಬೆನ್ನುಹತ್ತಿ ಅವಳ ಅಂಗಡಿಯಲ್ಲೇ ಕಲಿತವನು. ಪೆನ್‌ಡ್ರೈವಿನಲ್ಲಿ ಹಾಕಿ ಅವನಿಗೇ ಮೊದಲು ಕೊಟ್ಟಳು.

“ನಿನ್ ಕಂಪ್ಯೂಟ್ರಲ್ಲಿ ಒಂದ್ಸಲ ಓಡಿಸಿ ನೋಡಪ್ಪ. ಸರಿಯಿದ್ರೆ ಎಲ್ರಿಗೂ ಕೊಡಾಣ.”

ಕೆಲವು ದಿನ ಅವನ ಸದ್ದಿಲ್ಲ. ಆಮೇಲೆ ಗುಂಪಿನಲ್ಲಿ ಆ ಸ್ಕ್ರಿಪ್ಟ್ ಓಡಿಸಿ ತೋರಿಸುವ ಅವನ ವಿಡಿಯೋ ಬಂತು. ಸ್ವಾಮಿಯ ಹೆಸರು ಇದ್ದ ಹಾಗೇ ಇತ್ತು. ಅದರ ಕೆಳಗೆ ‘ರಚನೆ: ಮಾದೇಶ್’. ಸಾಲದ್ದಕ್ಕೆ ಒಂದು ಬೀಗವನ್ನೂ ಹಾಕಿದ್ದ. ಸ್ಕ್ರಿಪ್ಟ್ ಓಡಬೇಕಾದರೆ ಅವನನ್ನು ಕೇಳಿ ಪಾಸ್‌ವರ್ಡ್ ಪಡೆಯಬೇಕು.

ಆ ಭಾನುವಾರ ಗುಂಪಿನವರು ನರಸೀಪುರದ ಹೋಟೆಲೊಂದರಲ್ಲಿ ಸೇರುವವರಿದ್ದರು. ಅವನ ಬಾಯಿಂದಲೇ ನಿಜ ಹೇಳಿಸಿ ಬೀಗ ತೆಗೆಸಬೇಕೆಂದು ರುದ್ರಾಣಿ ಹೊರಟಳು.

“ಬನ್ನಿ ಅಕ್ಕಾ,” ಗುಂಪು ಕಟ್ಟಿದ್ದ ಬಿಳಿಗೆರೆಯ ಚೆಲುವರಾಜು ಕುರ್ಚಿ ಎಳೆದುಕೊಟ್ಟ. “ಇನ್ಮ್ಯಾಕೆ ನಾವು ನಿಮ್ ತಲೆ ತಿನ್ನಾದು ತಪ್ತು ಕಣ್ರೀ. ನಮ್ ಮಾದೇಶ ಗೆದ್ಬುಟ್ಟ!”

“ಅದನ್ನ ಬರೆದೋರು ಯಾರು ಅಂತ ನೀನೇ ಹೇಳಪ್ಪ ಮಾದೇಶ.”

ಅವನು ಕಾಫಿಯ ಲೋಟ ನೋಡುತ್ತ, “ಅಕ್ಕ ಒಸಿ ಸಹಾಯ ಮಾಡುದ್ರು. ಟೆಸ್ಟ್ ಮಾಡ್ಕೊಟ್ರು,” ಎಂದ.

“ಟೆಸ್ಟ್ ಮಾಡೋಕೆ ಕೊಟ್ಟಿದ್ದು ನಾನು. ನನ್ ಕಂಪ್ಯೂಟ್ರಲ್ಲಿ ಇನ್ನೂ ಇದೆ.”

“ಇರ್ದೆ ಎಲ್ಲೋದದು? ನಾನೇ ಅಲ್ವಾ ಹಾಕ್ಕೊಟ್ಟೋನು? ನಿಮ್ಮೆಸ್ರು ಎಲ್ಲದೆ ತೋರ್ಸಿ ಅಕ್ಕ. ಇದ್ದುದ್ದು ಸ್ವಾಮಿ ಎಸ್ರು, ಅದ ನಾನು ಮುಟ್ಟಿಲ್ಲ. ದೇವ್ರಾಣೆ ಬೇಕಾದ್ರೂ ಮಾಡ್ತೀನಿ.”

ಸುತ್ತ ಕೂತವರು ನಕ್ಕರು. ಅವನು ಕದ್ದದ್ದನ್ನು ರುದ್ರಾಣಿ ಹೇಗೋ ನುಂಗಿಕೊಂಡಾಳು. ಸ್ವಾಮಿಯನ್ನೇ ಸಾಕ್ಷಿಗೆ ಎಳೆದನಲ್ಲ!

“ಬುಡಿ ಅಕ್ಕಾ, ಎಲ್ಲಾ ಒಂದೇ ಮನೆಯೋರು,” ಎಂದ ಚೆಲುವರಾಜು.

ಸಂಜೆ ಊರಿಗೆ ಬಂದವಳೇ ಅಂಗಡಿಯ ಬಾಗಿಲು ತೆರೆದು, ಬೀಗವಿಲ್ಲದ ತನ್ನ ಸ್ಕ್ರಿಪ್ಟನ್ನು ಗುಂಪಿಗೆ ಹಾಕಿದಳು. ‘ಇದು ನಾನು ಬರೆದದ್ದು. ಯಾರು ಬೇಕಾದರೂ ಬಳಸಿ’ ಎಂದು ಬರೆದಳು. ಕಸ ಗುಡಿಸಿ ಬಂದು ನೋಡುವಷ್ಟರಲ್ಲಿ ಅದನ್ನು ಅಳಿಸಿದ್ದರು. ಅವಳನ್ನೂ ಗುಂಪಿನಿಂದ ತೆಗೆದಿದ್ದರು. ತೆಗೆದವನು ಮಾದೇಶನಲ್ಲ, ಚೆಲುವರಾಜು.

ಬೆಳಿಗ್ಗೆ ಮಾದೇಶನ ಸಂದೇಶ ಬಂತು: ‘ಬೇಜಾರ್ ಮಾಡ್ಕಬ್ಯಾಡಿ ಅಕ್ಕ. ಕೆಲವ್ರ ಕಂಪ್ಯೂಟ್ರಲ್ಲಿ ಸ್ಕ್ರಿಪ್ಟು ಅರ್ಧಕ್ಕೇ ನಿಂತೋಯ್ತದೆ. ಏನ್ ಮಾಡ್ಬೇಕು, ಒಸಿ ಏಳ್ತೀರಾ?’

ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಎಂದು ಓದಿದ ಕೂಡಲೇ ಅವಳಿಗೆ ಗೊತ್ತಾಯಿತು. ಬೆರಳು ಅಭ್ಯಾಸಬಲದಿಂದ ಉತ್ತರವನ್ನು ಅರ್ಧ ಬರೆದೂ ಬಿಟ್ಟಿತ್ತು. ರುದ್ರಾಣಿ ಅದನ್ನು ಕಳಿಸಲಿಲ್ಲ. ಫೋನನ್ನು ಮೇಜಿನ ಮೇಲೆ ಮಗುಚಿಟ್ಟು, ಜೆರಾಕ್ಸ್ ಯಂತ್ರಕ್ಕೆ ಹಾಳೆ ತುಂಬತೊಡಗಿದಳು.