ಸವಳು ಹೊಲದ ಬಸಿಗಾಲುವೆ

ಕಾಲುವೆ ಬಂದ ಹೊಸತರಲ್ಲಿ ಪಾಳಿಯ ನೀರು ಬೇಡ ಅನ್ನುವವರಿಗೆ ತಲೆ ಕೆಟ್ಟಿದೆ ಎಂದೇ ಲೆಕ್ಕ. ತಲೆತಲಾಂತರದಿಂದ ಮುಗಿಲು ನೋಡಿ ಬಿತ್ತಿದವರು ನಾವು. ಹೊಲಕ್ಕೆ ಬೇಕಿರಲಿ ಬಿಡಲಿ, ಒಂದು ಪಾಳಿ ಬಿಟ್ಟರೆ ಹಕ್ಕೇ ಹೋಗುತ್ತದೆಂದು ದೋರನಹಳ್ಳಿಯ ಗಂಡಸರೆಲ್ಲ ತೂಬಿಗೆ ಓಡುತ್ತಿದ್ದರು. ನನ್ನ ಮಾವ ಎಲ್ಲರಿಗಿಂತ ಮುಂದೆ.

ಮೂರನೆಯ ವರ್ಷ ನಮ್ಮ ಎರೆಹೊಲದ ತಗ್ಗಿನ ತುದಿಯಲ್ಲಿ ನೆಲ ಬೆಳ್ಳಗಾಯಿತು. ಗೊಬ್ಬರ ಹೆಚ್ಚಾಗಿದೆ ಎಂದರು ಮಾವ. ನಾನು ಚಿಟಿಕೆ ಮಣ್ಣು ನಾಲಿಗೆಗಿಟ್ಟು ನೋಡಿದೆ. ಉಪ್ಪು! ನನ್ನ ತವರು ಬೋನಾಳ. ಕೆರೆಯ ಕೆಳಗಿದ್ದ ನಮ್ಮ ತುಂಡು ಹೊಲ ಸವಳಾಗಿ ಹುಲ್ಲೂ ಹುಟ್ಟದಂತಾದದ್ದನ್ನು ಕಣ್ಣಾರೆ ಕಂಡವಳು. ನೀರು ನಿಂತಷ್ಟೂ ಒಳಗಿನ ಉಪ್ಪು ಮೇಲೇರುತ್ತದೆ. ನಮಗಿದ್ದದ್ದು ಇದೊಂದೇ ಹೊಲ. ಇದು ಹೋದರೆ ಮನೆಮಂದಿಯೆಲ್ಲ ಕೂಲಿಗೆ ಹೋಗಬೇಕಿತ್ತು.

ಮುಂದಿನ ಪಾಳಿಯ ದಿನ ತೂಬು ತೆರೆಯಲು ನಾನು ಬಿಡಲಿಲ್ಲ.

"ಮನಿಗಿ ಬಂದ ಗಂಗವ್ವನ್ನ ಹೊಳ್ಳಿ ಕಳಸ್ತಿಯೇನ?" ಎಂದು ಮಾವ ಕೂಗಾಡಿದರು.

"ಹೊಟ್ಟಿ ಬಿರಿಯೋತನ ಉಣಿಸಿದ್ರ ಯಾರ್ ಬದುಕ್ತಾರ್ರಿ?" ಎಂದೆ. ಒಂದು ಗೇಣು ಅಗೆದು, ಕೆಳಗಿನ ಮಣ್ಣು ಹಿಂಡಿ ಉಂಡೆ ಮಾಡಿ ತೋರಿಸಿದೆ. "ಹಸಿ ಐತಿ ನೋಡ್ರಿ. ಹಿಂಡಿದ್ರ ಉಂಡಿ ಆಗ್ತದಂದ್ರ ನೀರ ಬ್ಯಾಡ."

ನೀರು ನಿಲ್ಲಿಸಿ ಬೆಳೆಯುತ್ತಿದ್ದ ಭತ್ತ ಬಿಡಿಸಿ, ಜೋಳವನ್ನೇ ಬಿತ್ತಬೇಕೆಂದು ಹಟ ಹಿಡಿದೆ. ಹೆಚ್ಚಿನ ನೀರು ಬಸಿದು ಹಳ್ಳ ಸೇರಲೆಂದು ತಗ್ಗಿನ ತುದಿಗೆ ಸೊಂಟದಾಳದ ಕಾಲುವೆ ತೋಡತೊಡಗಿದೆ. ನನ್ನ ಗಂಡ ಅಪ್ಪನಿಗೂ ಏನೂ ಅನ್ನಲಿಲ್ಲ, ನನ್ನ ಜೊತೆ ಗುದ್ದಲಿಯನ್ನೂ ಹಿಡಿಯಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇದೆ.

ಐದನೆಯ ದಿನ ಹೋಗಿ ನೋಡಿದರೆ ಮಾವ ಸಲಿಕೆ ಹಿಡಿದು ಅದನ್ನು ಮುಚ್ಚುತ್ತಿದ್ದಾರೆ, ಇದ್ದ ಹೊಲವನ್ನೂ ಕಡಿದು ಹಾಳುಮಾಡಿದಳೆಂದು ಬಯ್ಯುತ್ತ. ನಾನು ಇಳಿದು ಒಳಗೆ ನಿಂತೆ.

"ಮುಚ್ರಿ ಮಾವ. ನನ್ನನ್ನೂ ಕೂಡಿಸೇ ಮುಚ್ರಿ."

ಎರಡು ಸಲಿಕೆ ಮಣ್ಣು ಕಾಲ ಮೇಲೆ ಬಿತ್ತು. ಮೂರನೆಯದು ಬೀಳಲಿಲ್ಲ. ಸಲಿಕೆ ಬಿಸಾಕಿ ಹೋದವರು ದೀಪಾವಳಿಯ ತನಕ ನನ್ನೊಡನೆ ಮಾತು ಬಿಟ್ಟರು. ನಾನೂ ಹೋಗಿ ಮಾತಾಡಿಸಲಿಲ್ಲ.

ಆ ಹಿಂಗಾರಿಗೆ ಜೋಳ ಅಲ್ಲಲ್ಲಿ ಬೋಳುಬೋಳಾಗಿ ಎದ್ದಿತು. ಊರವರು ನಕ್ಕರು. ಮರುವರ್ಷದ ಮಳೆ ಉಪ್ಪು ತೊಳೆದು ಬಸಿಗಾಲುವೆಗೆ ಇಳಿಸಿತು. ತೂಬನ್ನು ನಾನು ಮಣ್ಣು ನೋಡಿಯೇ ತೆರೆದೆ. ತಗ್ಗಿನ ತುದಿಯಲ್ಲೂ ತೆನೆ ಕಟ್ಟಿತು.

ಸುಗ್ಗಿಯಲ್ಲಿ ಪಕ್ಕದ ಹೊಲದವನು ಬಂದು ಬಸಿಗಾಲುವೆಯ ದಂಡೆಯಲ್ಲಿ ನಿಂತ. ಅವನ ಹೊಲವೂ ಬೆಳ್ಳಗಾಗತೊಡಗಿತ್ತು. ಮಾವ ಮೀಸೆ ತಿರುವಿ, "ನಾನ ತೋಡಿಸೀನಿ ಇದನ್ನ," ಎಂದರು.

"ಸುಳ್ಳ ಹೇಳಬ್ಯಾಡ್ರಿ ಮಾವ," ತೆನೆ ಮುರಿಯುತ್ತಿದ್ದಲ್ಲಿಂದಲೇ ಕೂಗಿದೆ. ಸೊಸೆಯಾದವಳು ಪರರೆದುರು ಹಾಗೆ ಅನ್ನಬಾರದೆಂದು ಗೊತ್ತಿತ್ತು. ಆದರೂ ಅಂದೆ.

ಮಾವ ಮೀಸೆಯಿಂದ ಕೈ ತೆಗೆದರು. ಅವನ ಕಡೆ ತಿರುಗಿ, "ನಾ ಮುಚ್ಚಾಕ ಹೋಗಿದ್ದೆಪಾ," ಎಂದರು. "ನನ್ನ ಕೇಳಬ್ಯಾಡ. ಅಕಿನ್ನ ಕೇಳು."